ಹಳದಿ ಪುಡಿ ಬಿಡಿಸಿದ ಚಿತ್ರ

೪ ಜೂನ್

ಅಕ್ಕಾ,

ನಿನ್ನ ಹೊಸ ಕೆಲಸ ಹೇಗಿದೆ ಎಂದು ಕೇಳಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನನ್ನದನ್ನು ಹೇಳಿಕೊಳ್ಳಲು ಬರೆಯುತ್ತಿದ್ದೇನೆ. ಇಲ್ಲಿ ಯಾರಿಗೆ ಹೇಳಲಿ? ನಾನು ಕೆಲಸಕ್ಕಿರುವ ಫೋಟೋ ಸ್ಟುಡಿಯೋದ ಅಜ್ಜನ ಎದುರು ನನ್ನ ಬಾಯಿಂದ ಮಾತೇ ಹೊರಡುವುದಿಲ್ಲ.

ಈಗ ಎಲ್ಲರಿಗೂ ಬಣ್ಣದ ಫೋಟೋ ಬೇಕು. ರೋಲುಗಳೆಲ್ಲ ಹೊರಗಿನ ಲ್ಯಾಬಿಗೆ ಹೋಗುತ್ತವೆ. ನಮ್ಮ ಕತ್ತಲೆ ಕೋಣೆಗೆ ಕೆಲಸವೇ ಇಲ್ಲ. ಅದನ್ನು ಗುಡಿಸಿಡು ಎಂದು ಅಜ್ಜ ಕಳಿಸಿದರು. ಕಪಾಟಿನಲ್ಲಿ ಅವಧಿ ಮುಗಿದ ಫೋಟೋ ಕಾಗದದ ಹದಿನಾಲ್ಕು ಡಬ್ಬಿ ಸಿಕ್ಕವು. ಬಿಸಾಡಲೇ ಎಂದು ಕೇಳಿದೆ. "ಬಿಸಾಡಬೇಡ, ಆಡ್ಕೋ," ಎಂದರು.

ಕ್ಯಾಮೆರಾ ಬೇಡ ಅಕ್ಕಾ. ಕೆಂಪು ದೀಪದ ಕೆಳಗೆ ಕಾಗದದ ಮೇಲೆ ಏನಾದರೂ ಇಡಬೇಕು. ಎರಡು ಎಣಿಸುವಷ್ಟು ಹೊತ್ತು ಬಿಳಿ ದೀಪ ಹಾಕಿ ಆರಿಸಬೇಕು. ಆಮೇಲೆ ಮೂರು ತಟ್ಟೆ ಮದ್ದು. ಮೊದಲನೆಯದರಲ್ಲಿ ಚಿತ್ರ ಏಳುತ್ತದೆ, ಎರಡನೆಯದರಲ್ಲಿ ನಿಲ್ಲುತ್ತದೆ, ಮೂರನೆಯದರಲ್ಲಿ ಗಟ್ಟಿಯಾಗುತ್ತದೆ. ಬೆಳಕು ಬಿದ್ದ ಕಡೆ ಕಪ್ಪು, ವಸ್ತು ಮುಚ್ಚಿದ ಕಡೆ ಬಿಳಿ. ಅಷ್ಟೇ.

ಈರುಳ್ಳಿ ಸಿಪ್ಪೆ ಇಟ್ಟೆ, ನರನರವೂ ಬಂತು. ಉಪ್ಪು ಚೆಲ್ಲಿದೆ, ನಕ್ಷತ್ರದ ಹಾಗೆ ಬಂತು. ಸೋಪಿನ ನೊರೆ ಇಟ್ಟೆ, ಅದು ಏನಾಗಿ ಬಂತು ಎಂದು ನನಗೂ ಹೇಳಲಾಗುವುದಿಲ್ಲ, ನೀನೇ ನೋಡಬೇಕು. ಮನೆಯಲ್ಲಿ ಇಡುವುದಕ್ಕೆ ಇನ್ನೇನೂ ಉಳಿದಿಲ್ಲ. ನಿಮ್ಮ ಕಾರ್ಖಾನೆಯಲ್ಲಿ ಕೆಲಸಕ್ಕೆ ಬಾರದ್ದು ಏನಿದ್ದರೂ ಕಳಿಸು.

ನಿನ್ನ ತಂಗಿ


೧೫ ಜೂನ್

ಏ ಹೆದರುಪುಕ್ಕಲಿ,

ಸ್ವಂತ ನೆರಳಿಗೇ ಹೆದರ್ತಿದ್ದೋಳು ಈಗ ನೆರಳನ್ನ ಅಚ್ಚು ಹಾಕ್ತಿದೀಯಾ? ಕತ್ತಲೆ ಕೋಣೆ ಬಾಗಿಲು ನೀನೇ ಹಾಕ್ಕೋತೀಯೋ, ಇಲ್ಲ ಅಜ್ಜನ್ನ ಹೊರಗೆ ಕಾವಲಿಗೆ ನಿಲ್ಲಿಸ್ತೀಯೋ?

ನನ್ನ ಕೆಲಸ ತುಂಬಾ ಚೆನ್ನಾಗಿದೆ. ಒಡೆದ ಹಡಗುಗಳಿಂದ ಗಡಿಯಾರ, ಮೀಟರು ರಾಶಿ ರಾಶಿ ಬರುತ್ತೆ. ನಾವು ಒಂಬತ್ತು ಜನ ಹೆಂಗಸರು ಉದ್ದದ ಮೇಜಿಗೆ ಕೂತು, ಅವುಗಳ ಮುಖದ ಮೇಲಿರೋ ಹಳೇ ಬಣ್ಣ ಬ್ಲೇಡಲ್ಲಿ ಕೆರೆದು, ಹೊಸದಾಗಿ ಅಂಕಿ ಬರೀತೀವಿ. ಹೋಟೆಲಿನವರು ಗೋಡೆಗೆ ತೂಗು ಹಾಕೋಕೆ ಕೊಂಡ್ಕೋತಾರಂತೆ. ಮೇಸ್ತ್ರಿ ನಾನು ಬರೆದ ಎಂಟು ನೋಡಿ, "ಏನಮ್ಮಾ, ಮೆಷಿನ್ನಿನಲ್ಲಿ ಹಾಕಿಸಿದೆಯಾ?" ಅಂದ್ರು. ಗೊತ್ತಾ, ಕುರ್ಚಿ ಮೇಲೆ ಕೂತು ಮಾಡೋ ಕೆಲಸ ನನಗೆ ಇದೇ ಮೊದಲು. ಇಷ್ಟು ವರ್ಷ ನೆಲ ಒರೆಸಿದ ಸೊಂಟಕ್ಕೆ ಈಗ ಮರ್ಯಾದೆ ಸಿಕ್ಕಿದೆ.

ಕೆರೆದ ಹಳದಿ ಪುಡಿ ಒಂದು ಪೊಟ್ಟಣ ಇಟ್ಟಿದೀನಿ. ಮುಂಚೆ ಇದು ಕತ್ತಲಲ್ಲಿ ಹೊಳೀತಿತ್ತಂತೆ. ಈಗ ಸತ್ತು ಎಷ್ಟೋ ವರ್ಷ ಆಯ್ತಂತೆ. ನಿನ್ನ ಕೈಲಾದ್ರೆ ಬದುಕಿಸು.

ಚೋಟಿಗೆ ಮೂರು ತುಂಬಿತು. ಚಿಕ್ಕಮ್ಮನಿಗೆ ನಾನೂ ಕಾಗದ ಬರೀತೀನಿ ಅಂತ ಹಟ. ಅದಕ್ಕೇ ಈ ಹಾಳೆ ಕೆಳಗೆ ಕೈ ಒತ್ತಿಸಿದೀನಿ. ಏನೂ ಕಾಣಲ್ಲ, ಅಲ್ಲೊಂದು ಕೈ ಇದೆ ಅಂತ ತಿಳ್ಕೋ.

ಅಕ್ಕ


೨೭ ಜೂನ್

ಅಕ್ಕಾ,

ಪುಡಿ ತಲುಪಿತು. ಫೋಟೋ ಕಾಗದದ ಮೇಲೆ ಅದರಲ್ಲೊಂದು ಹೂವು ಬಿಡಿಸಿದೆ. ಬಿಳಿ ದೀಪ ಹಾಕಬೇಕು ಎನ್ನುವಷ್ಟರಲ್ಲಿ ಅಜ್ಜ ಕರೆದರು. ಕಾಗದವನ್ನು ಪುಡಿಯ ಸಮೇತ ಡಬ್ಬಿಯಲ್ಲಿಟ್ಟು ಮುಚ್ಚಿ ಹೊರಗೆ ಬಂದೆ. ಮಾರನೆಯ ದಿನದಿಂದ ಸ್ಟುಡಿಯೋಗೆ ನಾಲ್ಕು ದಿನ ರಜೆ.

ಮತ್ತೆ ಬಂದಾಗ ಪುಡಿ ಉದುರಿಸಿ, ದೀಪ ಹಾಕುವುದನ್ನೇ ಮರೆತು, ಕಾಗದವನ್ನು ಮೊದಲನೆಯ ತಟ್ಟೆಗೆ ಮುಳುಗಿಸಿಬಿಟ್ಟೆ. ಬೆಳಕು ಕಾಣದ ಕಾಗದ ಬೆಳ್ಳಗೆ ಇರಬೇಕು. ಒಂದು ಹಾಳೆ ದಂಡವಾಯಿತು ಎಂದುಕೊಂಡೆ. ನೋಡುತ್ತಿದ್ದ ಹಾಗೆ ಹೂವು ಎದ್ದಿತು. ಬೆಳ್ಳಗಲ್ಲ ಅಕ್ಕಾ, ಕಪ್ಪಗೆ. ಇಷ್ಟು ದಿನ ನಾನು ಇಟ್ಟ ವಸ್ತುಗಳೆಲ್ಲ ಬೆಳಕನ್ನು ತಡೆದಿದ್ದವು. ಇದು ಕತ್ತಲಲ್ಲಿ ತಾನೇ ಏನೋ ಮಾಡಿದೆ.

ಹೂವು ಚೆನ್ನಾಗಿ ಬಂದಿದೆ.

ಆ ಪುಡಿ ಯಾವುದರದು ಎಂದು ಮೇಸ್ತ್ರಿಯನ್ನು ಕೇಳುತ್ತೀಯಾ? ಊಟಕ್ಕೆ ಮುಂಚೆ ನೀವೆಲ್ಲ ಕೈ ತೊಳೆಯುತ್ತೀರಾ? ಸುಮ್ಮನೆ ಕೇಳಿದೆ.

ತಂಗಿ


೯ ಜುಲೈ

ತಂಗೀ,

ಕೈ ತೊಳೀತೀಯಾ ಅಂತ ಅಮ್ಮ ಕೂಡ ನನ್ನ ಕೇಳಿರಲಿಲ್ಲ. ಫೋಟೋ ಅಂಗಡಿ ಸೇರಿದ ಮೇಲೆ ನಾವೆಲ್ಲ ಕೊಳಕರ ಹಾಗೆ ಕಾಣ್ತೀವಾ? ಹೂವು ಚೆನ್ನಾಗಿ ಬಂತು ಅಂತೀಯ, ಆದ್ರೆ ನಿನ್ನ ಕಾಗದದಲ್ಲಿ ಒಂದು ನಗು ಇಲ್ಲ. ಪುಡಿ ಸಾಲದಾಯ್ತೇನೋ ಅಂದ್ಕೊಂಡೆ. ಬೇಕಾದ್ರೆ ಬಾಯಿಬಿಟ್ಟು ಕೇಳು, ಸುತ್ತಿ ಬಳಸಿ ಯಾಕೆ?

ನಾನು ಮನೆಗೂ ಕೆಲಸ ತರ್ತಿದೀನಿ. ನಿನ್ನ ಭಾವ ಲಾರಿ ಹತ್ತಿದ್ರೆ ತಿಂಗಳು ಕಾಣಲ್ಲ, ಸಂಜೆ ಹೊತ್ತು ಹೋಗಬೇಕಲ್ಲ. ಗಡಿಯಾರದ ಮುಖದ ಒಡಕು ಬಿಲ್ಲೆಗಳು ಮಾರೋಕೆ ಬರಲ್ಲ, ಅವನ್ನ ಚೋಟಿಗೆ ಕೊಟ್ಟಿದೀನಿ. ಹನ್ನೊಂದು ಇವೆ. ಎಲ್ಲಾ ಅವಳ ಮಕ್ಕಳು! ಒಂದೊಂದಕ್ಕೂ ಮುತ್ತು ಕೊಟ್ಟು, ದಿಂಬಿನ ಚೀಲದೊಳಗೆ ಮಲಗಿಸಿ, ಆಮೇಲೆ ತಾನು ಮಲಗೋದು. ನೋಡಿದ್ರೆ ನಕ್ಕು ನಕ್ಕು ಸಾಯ್ತೀಯ.

ಈ ಸಲ ಅಕ್ಷರ ಸೊಟ್ಟಗಿದೆ ಅನ್ನಬೇಡ. ಹೊಸ ಪೆನ್ನು, ಇನ್ನೂ ಕೈಗೆ ಹೊಂದಿಲ್ಲ.

ಅಕ್ಕ


೧೪ ಜುಲೈ

ಅಕ್ಕಾ,

ಕಾಗದ ಓದಿದೆ. ಆ ಬಿಲ್ಲೆಗಳನ್ನು ಚೋಟಿಯಿಂದ ತೆಗೆದುಕೋ. ಅವಳು ಎಷ್ಟೇ ಅಳಲಿ. ಮೊದಲು ಅದನ್ನು ಮಾಡಿ, ಆಮೇಲೆ ಮುಂದಕ್ಕೆ ಓದು.

ಹಿಂದಿನ ಸಲ ನಾನು ಎಲ್ಲವನ್ನೂ ಬರೆಯಲಿಲ್ಲ. ನೀನು ನಗುತ್ತೀಯ ಎಂದು. ನಿನ್ನ ಮೊದಲ ಕಾಗದದಲ್ಲಿ ಹೆದರುಪುಕ್ಕಲಿ ಎಂದು ಬರೆದಿದ್ದೆಯಲ್ಲ, ಅದು ಅಜ್ಜನ ಕಣ್ಣಿಗೆ ಬೀಳದಿರಲಿ ಎಂದು ಅದನ್ನು ಫೋಟೋ ಕಾಗದದ ಇನ್ನೊಂದು ಡಬ್ಬಿಯೊಳಗೆ, ಮೇಲಿನ ಹಾಳೆಗೆ ತಾಗಿಸಿ ಬಚ್ಚಿಟ್ಟಿದ್ದೆ. ಆರೇಳು ದಿನ ಅಲ್ಲೇ ಇತ್ತು. ಹೂವು ಕಪ್ಪಗೆ ಬಂದ ಮೇಲೆ ಏನೋ ಅನ್ನಿಸಿ ಆ ಹಾಳೆಯನ್ನೂ ಮದ್ದಿಗೆ ಹಾಕಿದೆ. ಮೊದಲು ಚುಕ್ಕೆಗಳು ಎದ್ದವು, ಸಾಸಿವೆ ಸಿಡಿದ ಹಾಗೆ. ಅಂಚಿನಲ್ಲಿ ಒಂದು ಹೆಬ್ಬೆಟ್ಟು ಬಂತು. ಅದು ನಿನ್ನದು. ಕೆಳಗಡೆ ಐದು ಪುಟ್ಟ ಬೆರಳು, ಒಂದು ಅಂಗೈ.

ಏನೂ ಕಾಣುವುದಿಲ್ಲ ಎಂದಿದ್ದೆಯಲ್ಲ. ಕಂಡಿತು.

ಅಜ್ಜನಿಗೆ ತೋರಿಸಿದೆ. ಅವರು ಕುಳಿತುಬಿಟ್ಟರು. "ಎಕ್ಸ್‌ರೇ ಕೋಣೆ ಪಕ್ಕ ಇಟ್ರೆ ಕಾಗದ ಹೀಗೇ ಕೆಡ್ತದೆ," ಎಂದರು. ಹಳೆಯ ಕಾಲದಲ್ಲಿ ಗಡಿಯಾರದ ಅಂಕಿ ಹೊಳೆಯಲಿ ಎಂದು ರೇಡಿಯಂ ಎಂಬ ಲೋಹವನ್ನು ಬಣ್ಣಕ್ಕೆ ಬೆರೆಸುತ್ತಿದ್ದರಂತೆ. ಹೊಳಪು ಬೇಗ ಸಾಯುತ್ತದೆ, ಲೋಹ ಸಾವಿರ ವರ್ಷವಾದರೂ ಸಾಯುವುದಿಲ್ಲ, ಅದರಿಂದ ಹೊರಡುವುದು ಕಣ್ಣಿಗೆ ಕಾಣುವುದಿಲ್ಲ ಎಂದರು. ಪುಡಿ ಮೈಯೊಳಗೆ ಹೋದರೆ ಮೂಳೆಯಲ್ಲಿ ಕೂರುತ್ತದೆಯಂತೆ.

ಕೆಲಸ ಬಿಡು ಅಕ್ಕಾ. ಮನೆಯಲ್ಲಿ ಪೊರಕೆ ಹಾಕಬೇಡ, ಧೂಳು ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸು.

ತಂಗಿ


೨ ಆಗಸ್ಟ್

ಅಕ್ಕಾ,

ಕಾಗದ ಸಿಕ್ಕಿತೋ ಇಲ್ಲವೋ? ಕಾರ್ಖಾನೆಯ ಫೋನಿಗೆ ಎರಡು ಸಲ ಮಾಡಿಸಿದೆ. ಯಾರೋ ಎತ್ತಿ, "ಕೆಲಸದ ಹೊತ್ತಲ್ಲಿ ಕರೆಯಕ್ಕಾಗಲ್ಲ" ಎಂದು ಇಟ್ಟುಬಿಟ್ಟರು. ಒಂದು ಸಾಲು ಬರೆ. ಬೈದಾದರೂ ಬರೆ.

ತಂಗಿ


೬ ಆಗಸ್ಟ್

ತಂಗೀ,

ಬೈದೇ ಬರೀತಿದೀನಿ.

ನಿನ್ನ ಕಾಗದ ಹಿಡ್ಕೊಂಡು ಮೇಸ್ತ್ರಿ ಹತ್ರ ಹೋಗಿ ಪೆದ್ದಿ ಆದೆ. ಎಲ್ಲರ ಎದುರು ಓದಿಸಿದ್ರು. "ರೇಡಿಯಮ್ಮಾ?" ಅಂತ ನಕ್ರು. ರೇಡಿಯಂ ಅಂದ್ರೆ ಲಾರಿ ಹಿಂದೆ ಅಂಟಿಸ್ತಾರಲ್ಲ, ಬೆಳಕು ಬಿದ್ರೆ ಹೊಳೆಯೋ ಸ್ಟಿಕ್ಕರು, ಅದೇ ತಾನೆ? ನಿನ್ನ ಭಾವನ ಲಾರಿ ತುಂಬಾ ಅದೇ ಇದೆ. ಅವರು ಕಲ್ಲುಗುಂಡಿನ ಹಾಗಿದಾರೆ. ಮೇಜಿನಲ್ಲಿ ಈಗ ನನಗೆ "ಏನು ಫೋಟೋದಮ್ಮಾ" ಅಂತ ಹೆಸರು ಬಿದ್ದಿದೆ. ಕೂತರೆ ನಿಂತರೆ ಅದೇ ಗೇಲಿ.

ನೀನು ಚಿಕ್ಕೋಳಿದ್ದಾಗ ಬಾವಿ ಹತ್ರ ಹೋಗ್ತಿರಲಿಲ್ಲ, ಅಟ್ಟ ಹತ್ತುತಿರಲಿಲ್ಲ, ಮಿಕ್ಸಿ ಶಬ್ದಕ್ಕೆ ಮಂಚದ ಕೆಳಗೆ ಸೇರ್ತಿದ್ದೆ. ನಿನ್ನ ಕೈ ಹಿಡ್ಕೊಂಡು ಸ್ಕೂಲಿಗೆ ಕರ್ಕೊಂಡು ಹೋದೋಳು ನಾನು. ನಾಲ್ಕನೇ ಕ್ಲಾಸಿಗೆ ನೀನು ಬಿಟ್ಟಿದ್ದೂ ಮೇಷ್ಟ್ರ ಹೆದರಿಕೆಗೇ. ಈಗ ನಿನ್ನ ಹೆದರಿಕೆಗೆ ನನ್ನ ಕುರ್ಚಿ ಬಿಡಬೇಕಾ? ಅದು ಯಾಕೆ ಒಳ್ಳೇದೆಲ್ಲ ನನಗೆ ಸಿಕ್ಕಿದಾಗಲೇ ನಿನಗೆ ಭೂತ ಕಾಣ್ಸುತ್ತೆ?

ಚೋಟಿಯಿಂದ ಬಿಲ್ಲೆ ಕಿತ್ಕೊಂಡೆ. ಎರಡು ದಿನ ಅನ್ನ ಮುಟ್ಟಲಿಲ್ಲ. ವಾಪಸು ಕೊಟ್ಟೆ. ಮಗು ಹಸಿದಿರೋದು ಕಣ್ಣಿಗೆ ಕಾಣುತ್ತೆ. ನಿನ್ನದು ಕಾಣಲ್ಲ.

ಅಕ್ಕ


೧೨ ಆಗಸ್ಟ್

ಅಕ್ಕಾ,

ನೀನು ಹೇಳಿದ್ದೆಲ್ಲ ನಿಜ. ನಾನು ಎಲ್ಲದಕ್ಕೂ ಹೆದರಿದ್ದೇನೆ. ಅದಕ್ಕೇ ಈ ಸಲ ನನ್ನ ಮಾತು ನಂಬು ಎಂದು ಕೇಳುವುದಿಲ್ಲ. ನಾನು ಸುಳ್ಳು ಎಂದು ನೀನೇ ತೋರಿಸು, ನನಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.

ಇದರ ಜೊತೆ ಮೂರು ಕಪ್ಪು ಲಕೋಟೆ ಇವೆ. ಒಂದೊಂದರಲ್ಲೂ ಫೋಟೋ ಕಾಗದ, ಅದರ ಮೇಲೆ ಒಂದು ಹಳೇ ಕೀಲಿಕೈ ಅಂಟಿಸಿದ್ದೇನೆ. ಕಪ್ಪು ಕಾಗದ ಎರಡು ಸುತ್ತು ಸುತ್ತಿ, ಅಂಚಿಗೆಲ್ಲ ಟೇಪು ಹಾಕಿದ್ದೇನೆ. ಬೆಳಕು ಒಳಗೆ ಹೋಗಲಾರದು. ಒಂದನ್ನು ಕಾರ್ಖಾನೆಯ ಮೇಜಿನ ಖಾನೆಯಲ್ಲಿ ಇಡು. ಒಂದನ್ನು ಅಡುಗೆಮನೆಯ ಕಪಾಟಿನಲ್ಲಿ. ಇನ್ನೊಂದನ್ನು ಚೋಟಿಯ ದಿಂಬಿನ ಚೀಲದೊಳಗೆ. ಹದಿನೈದು ದಿನ ಬಿಟ್ಟು ಹಾಗೇ ವಾಪಸು ಕಳಿಸು.

ನಾನು ಹೇಳಿದ್ದು ಸುಳ್ಳಾದರೆ ಮೂರೂ ಬೆಳ್ಳಗೆ ಬರುತ್ತವೆ. ನಿಜವಾದರೆ ಕಾಗದ ಕಪ್ಪಾಗಿ, ಕೀಲಿಕೈ ಇದ್ದ ಜಾಗ ಮಾತ್ರ ಬೆಳ್ಳಗೆ ಉಳಿಯುತ್ತದೆ. ಬೆಳ್ಳಗೆ ಬಂದರೆ ಇನ್ನು ಮೇಲೆ ಈ ವಿಷಯ ಎತ್ತುವುದಿಲ್ಲ, ಆಣೆ.

ತೆರೆದು ಮಾತ್ರ ನೋಡಬೇಡ ಅಕ್ಕಾ. ಒಂದು ಕ್ಷಣ ಬೆಳಕು ಬಿದ್ದರೂ ಎಲ್ಲ ಹೋಯಿತು.

ತಂಗಿ


೩ ಸೆಪ್ಟೆಂಬರ್

ತಂಗೀ,

ನೀನು ಹೇಳಿದ ಹಾಗೇ ಮಾಡಿದೀನಿ. ಮೂರೂ ಇಟ್ಟಿದೀನಿ, ನೋಡ್ಕೋ. ಯಾವುದು ಎಲ್ಲಿಯದು ಅಂತ ಮೇಲೆ ಬರೆದಿದೀನಿ.

ಬೆಳ್ಳಗೆ ಬಂದ್ರೆ ಒಂದು ಕಾಗದ ಬರೀಬೇಕು, "ಅಕ್ಕ ದೊಡ್ಡೋಳು, ನಾನು ದಡ್ಡಿ" ಅಂತ. ಅದನ್ನ ಚೌಕಟ್ಟು ಹಾಕಿಸಿ ಮೇಜಿನ ಮೇಲೆ ಇಡ್ತೀನಿ. ಫೋಟೋದಮ್ಮನ ಮರ್ಯಾದೆ ಉಳಿಯುತ್ತೆ.

ಬೇಗ ಬರಿ. ದಿನಾ ಪೋಸ್ಟಿನವನ ದಾರಿ ಕಾಯ್ತೀನಿ. ಹೆದರಿಕೆಗಲ್ಲ, ಸುಮ್ಮನೆ.

ಅಕ್ಕ


೧೦ ಸೆಪ್ಟೆಂಬರ್

ಅಕ್ಕಾ,

ಕಾರ್ಖಾನೆಯದು, ಅಡುಗೆಮನೆಯದು, ಎರಡೂ ಅಂಚಿಂದ ಅಂಚಿಗೆ ಮಸಿಯಾಗಿ ಬಂದವು. ಕೀಲಿಕೈಯ ಗುರುತೂ ಇಲ್ಲ. ಇಡೀ ಮನೆಯೇ ಹೋಯಿತು ಎಂದು ಅಲ್ಲೇ ಅತ್ತುಬಿಟ್ಟೆ. ಅಜ್ಜ ಟೇಪನ್ನು ಕನ್ನಡಕ ಹಾಕಿ ನೋಡಿ, "ಇದು ಯಾರೋ ತೆರೆದು ಅಂಟಿಸಿದ್ದು ಕಣಮ್ಮಾ, ಬರೀ ಬೆಳಕು ಬಿದ್ದಿದೆ," ಎಂದರು. ತೆರೆದೆಯಾ ಅಕ್ಕಾ? ನಿಜ ಹೇಳು.

ದಿಂಬಿನದರ ಟೇಪು ನಾನು ಹಾಕಿದ ಹಾಗೇ ಇತ್ತು.

ಅದರ ನಡುವೆ ಕೀಲಿಕೈ ಬೆಳ್ಳಗೆ ಬಂದಿದೆ. ಅದರ ಸುತ್ತ ಅಂಕಿಗಳು ಕಪ್ಪಗೆ ಬಂದಿವೆ. ಒಂದು, ಎರಡು, ಮೂರು, ಹನ್ನೆರಡರವರೆಗೆ, ದುಂಡಗೆ. ಒಂದು ವೃತ್ತದ ಮೇಲೆ ಇನ್ನೊಂದು ವೃತ್ತ, ಸ್ವಲ್ಪ ಜರುಗಿ ಮತ್ತೊಂದು. ಚೋಟಿ ಮಗ್ಗುಲು ಬದಲಿಸಿದ ಹಾಗೆಲ್ಲ ಬಿಲ್ಲೆಗಳು ಜರುಗಿವೆ. ಆ ಹದಿನೈದು ದಿನ ಅವಳು ಹೇಗೆ ಮಲಗಿದ್ದಳು ಎಂದು ಈ ಕಾಗದ ನೋಡಿಯೇ ಹೇಳಬಹುದು. ಅಕ್ಕಾ, ಅವಳ ಕೆನ್ನೆ ಅದರ ಮೇಲೇ ಇತ್ತು.

ಅಜ್ಜ ಅದನ್ನೂ ಉಳಿದ ಪುಡಿಯನ್ನೂ ಹಿಡಿದು ದೊಡ್ಡಾಸ್ಪತ್ರೆಯ ಎಕ್ಸ್‌ರೇ ವೈದ್ಯರ ಹತ್ತಿರ ಹೋದರು. ನಾನೂ ಹೋಗಿದ್ದೆ. ಮಗುವಿನ ದಿಂಬಿನಲ್ಲಿದ್ದದ್ದು ಎಂದು ಅಜ್ಜ ಹೇಳುತ್ತಲೇ, ಪುಡಿ ಎಲ್ಲಿ ಸಿಕ್ಕಿತು ಎಂದೂ ವೈದ್ಯರು ಕೇಳಲಿಲ್ಲ. "ಈ ಮಗು ಈಗ ಎಲ್ಲಿದೆ?" ಎಂದು ಕೇಳಿದರು. ಪೊಟ್ಟಣವನ್ನು ಉದ್ದನೆಯ ಇಕ್ಕುಳದಲ್ಲಿ ಎತ್ತಿ ಒಯ್ದರು. ನಿಮ್ಮ ಊರಿನ ಕಾರ್ಖಾನೆ ಇನ್ಸ್‌ಪೆಕ್ಟರಿಗೆ ತಂತಿ ಕೊಡುತ್ತೇವೆ ಎಂದರು. ನಿಮ್ಮಿಬ್ಬರನ್ನೂ ಇಲ್ಲಿಗೆ ಕರೆಸಿ ಎಂದರು.

ಚಿತ್ರ ಇದರ ಜೊತೆ ಇಟ್ಟಿದ್ದೇನೆ. ಮೇಸ್ತ್ರಿಗೆ ತೋರಿಸಬೇಡ. ನೀನು ನೋಡು.

ತಂಗಿ


೧೭ ಸೆಪ್ಟೆಂಬರ್

ತಂಗೀ,

ತೆರೆದೆ. ಎರಡನ್ನೂ ತೆರೆದೆ. ಬೆಳ್ಳಗೇ ಇರುತ್ತೆ, ನೋಡಿ ನಕ್ಕು ಮತ್ತೆ ಅಂಟಿಸೋಣ ಅಂದ್ಕೊಂಡೆ. ಮದ್ದಿಗೆ ಹಾಕದೆ ಏನೂ ಕಾಣಲ್ಲ ಅಂತ ನನಗೇನು ಗೊತ್ತು? ದಿಂಬಿನದ್ದನ್ನೂ ತೆರೀಬೇಕು ಅಂತಾನೇ ಹೋದೆ. ಚೋಟಿ ಅದರ ಮೇಲೆ ನಿದ್ದೆ ಹೋಗಿದ್ಲು. ಎಬ್ಬಿಸೋಕೆ ಮನಸ್ಸು ಬರಲಿಲ್ಲ.

ಈಗ ಎಲ್ಲ ಹೇಳ್ತೀನಿ. ಪೆನ್ನು ಹೊಸದಲ್ಲ. ಜುಲೈಯಿಂದ ಎಡಗೈಲಿ ಬರೀತಿದೀನಿ. ಬಲಗೈ ಮೂರು ಬೆರಳ ತುದಿ ಒಡೆದು, ಏನು ಹಚ್ಚಿದ್ರೂ ಮಾಯ್ತಿಲ್ಲ. ಒಂದು ಉಗುರು ಕಪ್ಪಾಗಿ ಬಿದ್ದುಹೋಯ್ತು. ಚೋಟಿ ತುಟಿ ಮೇಲೂ ಒಂದು ಹುಣ್ಣಿದೆ, ತಿಂಗಳಾಯ್ತು. ಬರೆದ್ರೆ ನೀನು ಹೆದರ್ತೀಯ ಅಂತ ಬರೀಲಿಲ್ಲ. ಸುಳ್ಳು. ಬರೆದ್ರೆ ನಾನು ಹೆದರ್ತೀನಿ ಅಂತ ಬರೀಲಿಲ್ಲ.

ಹದಿನಾಲ್ಕಕ್ಕೆ ಇನ್ಸ್‌ಪೆಕ್ಟರು ಬಂದಿದ್ರು. ಮೇಸ್ತ್ರಿಗೆ ಮುಂಚೆನೇ ಗೊತ್ತಾಗಿ, ಹಳೇ ಬಿಲ್ಲೆಗಳನ್ನೆಲ್ಲ ಹಿಂದಿನ ಶೆಡ್ಡಿಗೆ ಹಾಕಿಸಿ ಬೀಗ ಜಡಿದ್ರು. ನಾವು ಹೊಸ ತಗಡಿನ ಮೇಲೆ ಅಂಕಿ ಬರೀತಾ ಕೂತಿದ್ವಿ. "ಏನಮ್ಮಾ, ಬೇರೆ ಏನೂ ಕೆರೆಯಲ್ವಾ?" ಅಂತ ಒಬ್ಬೊಬ್ಬರನ್ನೂ ಕೇಳಿದ್ರು. ಎಲ್ಲರೂ ಇಲ್ಲ ಅಂತ ತಲೆ ಆಡಿಸಿದ್ರು. ನಾನೂ ಆಡಿಸಿದೆ. ಮಾರನೇ ದಿನ ನಿನ್ನ ಚಿತ್ರ ಬಂತು.

ನೋಡಿದೆ. ಆ ಐದರ ತಲೆ ಮೇಲೆ ಸಣ್ಣ ಒಡಕಿದೆಯಲ್ಲ, ಅದು ಅವಳ ದೊಡ್ಡ ಮಗಳು. ನನಗೆ ಗುರುತು ಸಿಕ್ತು.

ಚೋಟಿಯನ್ನ ಅಲ್ಲೇ ಬಟ್ಟೆ ಬಿಚ್ಚಿ ಸ್ನಾನ ಮಾಡಿಸಿ, ಬೀದಿ ಕೊನೆಯ ಹೊಲಿಗೆಯವಳ ಮನೆಗೆ ಬಂದಿದೀವಿ. ಅವಳ ಬಟ್ಟೆನೇ ಉಟ್ಟಿದೀನಿ. ನಮ್ಮ ಮನೆಗೆ ಬೀಗ ಹಾಕಿದೆ. ನಿನ್ನೆಯಿಂದ ಕಾರ್ಖಾನೆಗೆ ಹೋಗಿಲ್ಲ. ಆದ್ರೆ ಎಂಟು ಜನ ಅಲ್ಲೇ ಕೂತಿದಾರೆ. ಒಬ್ಬಳು ಏಳು ತಿಂಗಳ ಬಸುರಿ. ಸಂಜೆ ಗೇಟಿನ ಹತ್ರ ನಿಂತು ಹೇಳಿದೆ. "ಇನ್ಸ್‌ಪೆಕ್ಟರೇ ಏನೂ ಇಲ್ಲ ಅಂದ್ರಲ್ಲ ಫೋಟೋದಮ್ಮಾ," ಅಂದ್ರು. ಅವರಿಗೆ ಏನು ಹೇಳಲಿ? ನಾನೇ ತಲೆ ಆಡಿಸಿದ್ದೆ. ಈ ಚಿತ್ರ ತೋರಿಸಿದ್ರೆ, ಯಾವುದೋ ಊರಲ್ಲಿ ಯಾರೋ ಬರೆದಿದ್ದು ಅಂತಾರೆ.

ಅವರ ಕಣ್ಣೆದುರೇ ಮಾಡಿ ತೋರಿಸಬೇಕು. ನೀನು ಬರ್ತೀಯಾ? ಎರಡು ದಿನದ ರೈಲು, ನೀನು ಒಬ್ಬಳೇ ಪೇಟೆಗೂ ಹೋದೋಳಲ್ಲ. ಕೇಳೋಕೆ ನಾಚಿಕೆ ಆಗ್ತಿದೆ. ಆದ್ರೂ ಕೇಳ್ತಿದೀನಿ.

ಅಕ್ಕ


೨೩ ಸೆಪ್ಟೆಂಬರ್

ಅಕ್ಕಾ,

ಈ ಕಾಗದಕ್ಕಿಂತ ಮುಂಚೆ ನಾನೇ ತಲುಪಿದರೂ ತಲುಪಬಹುದು. ಆದರೂ ಬರೆಯುತ್ತಿದ್ದೇನೆ. ಬರೆದು ಅಂಚೆ ಡಬ್ಬಿಗೆ ಹಾಕಿಬಿಟ್ಟರೆ ಆಮೇಲೆ ಹೋಗದೆ ಇರಲಾಗುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಇಳಿಯುತ್ತೇನೆ. ಮೂರು ತಟ್ಟೆ, ಮದ್ದಿನ ಪುಡಿ, ಕೆಂಪು ದೀಪ ಕಟ್ಟಿಕೊಂಡಿದ್ದೇನೆ. ಅಜ್ಜ ಅವಧಿ ಮುಗಿಯದ ಹೊಸ ಡಬ್ಬಿ ತರಿಸಿಕೊಟ್ಟರು. ಹೊಲಿಗೆಯವರ ಬಚ್ಚಲುಮನೆಯ ಕಿಟಕಿಗೆ ದಪ್ಪ ಬಟ್ಟೆ ಹೊಡೆದಿಡು. ಅವರೆಲ್ಲ ಕೆಲಸ ಮುಗಿಸಿ ಗೇಟಿನಿಂದ ಬರುವಾಗ ಒಂದೊಂದು ಕಪ್ಪು ಲಕೋಟೆ ಕೊಡೋಣ. ಅವರವರ ಕೆಲಸದ ಅಂಗಿಯ ಜೇಬಿನಲ್ಲೇ ಇರಲಿ. ಎರಡು ದಿನ ಬಿಟ್ಟು ಅವರೇ ಟೇಪು ಬಿಡಿಸಿ, ಅವರೇ ತಟ್ಟೆಯಲ್ಲಿ ಮುಳುಗಿಸಲಿ. ನಾನು ಏನೂ ಮುಟ್ಟುವುದಿಲ್ಲ. ಎಂಟು ಜನರ ಎದುರು ಮಾತಾಡಲು ನನ್ನಿಂದ ಆಗುವುದಿಲ್ಲ, ಮಾತು ನಿನ್ನದು. ವೈದ್ಯರು ಮತ್ತೆ ಬರೆದಿದ್ದಾರೆ, ಈ ಸಲ ಆ ಕಾಣದ ಕಿರಣಗಳನ್ನು ಎಣಿಸುವ ಯಂತ್ರದ ಸಮೇತ ಬೇರೆ ಜನ ಬರುತ್ತಾರಂತೆ. ದಿನ ಹೇಳಿಲ್ಲ. ದಿನ ಹೇಳುವವರೆಗೆ ಆ ಎಂಟು ಜನ ಕೆರೆಯುತ್ತಲೇ ಇರುತ್ತಾರೆ.

ಸ್ಟೇಷನ್ನಿನಲ್ಲಿ ಚೋಟಿಯನ್ನು ಓಡಿಬರಲು ಬಿಡಬೇಡ. ನೀನೂ ತಬ್ಬಿಕೊಳ್ಳಬೇಡ. ನಾನು ತಂದ ಹೊಸ ಬಟ್ಟೆ ಹಾಕಿಕೊಂಡ ಮೇಲೆ ಬೇಕಾದಷ್ಟು ತಬ್ಬಿಕೊಳ್ಳೋಣ.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ಆ ಹೂವನ್ನು ನಾನು ಬರಿಬೆರಳಿನಿಂದ ಬಿಡಿಸಿದ್ದೆ. ಹೆಚ್ಚಾದ ಪುಡಿಯನ್ನು ಕಾಗದಕ್ಕೆ ಮುಖ ತಂದು ಬಾಯಿಂದ ಊದಿದ್ದೆ. ಬೆರಳಿಗೆ ಇನ್ನೂ ಏನೂ ಆಗಿಲ್ಲ. ಬೆಳಗಾದರೆ ಕಿಟಕಿಯ ಹತ್ತಿರ ನಿಂತು ನೋಡಿಕೊಳ್ಳುತ್ತೇನೆ.

ಇದನ್ನು ವೈದ್ಯರಿಗೆ ಹೇಳಿದೆ. ಅವರು ಚೋಟಿಯ ಹೆಸರು, ನಿನ್ನ ಹೆಸರು ಬರೆದಿದ್ದ ಹಾಳೆಯನ್ನೇ ಮತ್ತೆ ತೆಗೆದು, ಕೆಳಗೆ ನನ್ನದನ್ನೂ ಬರೆದುಕೊಂಡರು. ವಾಪಸು ಬರುವುದಕ್ಕೆ ಮೂರು ಟಿಕೆಟ್ ತೆಗೆಸಿದ್ದೇನೆ. ಆ ಎಂಟು ಜನ ನಂಬಲಿ, ಬಿಡಲಿ, ಸೋಮವಾರದ ರೈಲಿನಲ್ಲಿ ನೀನು ಕೂರಲೇಬೇಕು. ಬರದಿದ್ದರೆ ನಾನು ಎಲ್ಲರ ಎದುರು ಪ್ಲಾಟ್‌ಫಾರ್ಮಿನಲ್ಲಿ ಕೂಗಿ ಅಳುತ್ತೇನೆ. ನಾನು ಅಳುವುದಕ್ಕೆ ಹೆದರುವವಳಲ್ಲ, ನಿನಗೆ ಗೊತ್ತು.

ತಂಗಿ